ಕನ್ನಮ್ಮನಿಗೆ ಬಿಟ್ಟುಕೊಟ್ಟ ಆಟ

ರಿಪ್ಪನ್‌ಪೇಟೆಯಲ್ಲಿ ಬೆಳಗಿನ ತೀರ್ಥಹಳ್ಳಿ ಬಸ್ಸಿಗೆ ಕಾಯುವವರೆಲ್ಲ ಮೊಬೈಲ್ ನೋಡುತ್ತಾ ನಿಂತಿದ್ದರೆ ಶ್ಯಾಮಲಾ ಮಾತ್ರ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ತುಟಿ ಅಲ್ಲಾಡಿಸುತ್ತಿರುತ್ತಾಳೆ. ಮೇಡಂ ಭಾರೀ ದೈವಭಕ್ತೆ, ದಿನಾ ಜಪ ಮಾಡ್ತಾರೆ ಎಂದು ಕಂಡಕ್ಟರ್ ಜಟ್ಟಿಂಗಪ್ಪ ಬಹಳ ಕಾಲ ನಂಬಿದ್ದ. ಪಾಪ, ಅವಳು ಎಣಿಸುತ್ತಿದ್ದದ್ದು ಚೆನ್ನೆಮಣೆಯ ಕಾಯಿಗಳನ್ನು.

ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಅವಳು ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಾಳೆ. ಗಂಡ ಯೋಗರಾಜನಿಗೆ ರಿಪ್ಪನ್‌ಪೇಟೆಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ. ಸುಖವಾಗಿ ಪಾಠ ಮಾಡಿಕೊಂಡು ಇರಬಹುದಾಗಿದ್ದ ಹೆಂಗಸು ನಲವತ್ತರ ಹತ್ತಿರ ಬಂದಾಗ ಪಿಎಚ್.ಡಿ.ಗೆ ಸೇರಿಕೊಂಡಳು. ಆಟವಾಡಲು ತಾನೇ ಕಲಿಯುವ ಪ್ರೋಗ್ರಾಂ ಬರೆಯುವುದು ಅವಳ ಸಂಶೋಧನೆ. ಚದುರಂಗವನ್ನು ದೊಡ್ಡ ದೊಡ್ಡವರು ಎಂದೋ ಹಿಂಡಿ ಹಿಪ್ಪೆ ಮಾಡಿ ಆಗಿತ್ತು. ಹಾಗಾಗಿ ಅವಳು ನಮ್ಮ ಕಡೆಯ ಹೆಂಗಸರು ಮಳೆಗಾಲದಲ್ಲಿ ಆಡುವ ಚೆನ್ನೆಮಣೆಯನ್ನು ಹಿಡಿದಳು. ಅದಕ್ಕೆ ಕಾರಣ ಅವಳ ಮನೆಯಲ್ಲೇ ಇತ್ತು.

ಕಾರಣದ ಹೆಸರು ಕನ್ನಮ್ಮ, ಅವಳ ಅತ್ತೆ. ಎಪ್ಪತ್ತು ದಾಟಿದ್ದರೂ ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಚೆನ್ನೆಮಣೆಯಲ್ಲಿ ಕನ್ನಮ್ಮ ಸೋತದ್ದನ್ನು ಈಗಿನವರು ಯಾರೂ ಕಂಡಿರಲಿಲ್ಲ. ಸೊಸೆಯ ಎದುರು ಗೆದ್ದಳು, ಸಾಗರದಿಂದ ಬಂದ ಮಗಳು ಹೇಮಾವತಿಯ ಎದುರು ಗೆದ್ದಳು, ಹೊಸನಗರದ ಬೀಗರ ಮನೆಗೆ ಹೋಗಿ ಅಲ್ಲಿಯೂ ಗೆದ್ದು ಬಂದಳು. ಗಂಡ ಬೇಗ ಹೋದ, ಹೆಚ್ಚು ಓದಲಿಲ್ಲ, ಆದರೆ ಈ ಒಂದು ವಿಷಯದಲ್ಲಿ ಅವಳ ತಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. “ಮಣೆ ಮುಂದೆ ಕೂತ್ರೆ ನನ್ನ ಕೈಲಿ ದೇವ್ರೇ ಆಡ್ತಾನೆ ಮಾರಾಯ್ತಿ” ಎನ್ನುತ್ತಿದ್ದಳು. ಶ್ಯಾಮಲಾ ತನ್ನ ಪ್ರಬಂಧದ ಪೀಠಿಕೆಯಲ್ಲಿಯೇ ಅತ್ತೆಯನ್ನು ಎಂದೂ ಸೋಲದ ಆಟಗಾರ್ತಿ ಎಂದು ಬರೆದು, ಅದನ್ನು ಅತ್ತೆಗೆ ಓದಿಯೂ ಹೇಳಿದ್ದಳು. ಆ ವಾರವೆಲ್ಲ ಮನೆಗೆ ಬಂದವರಿಗೆ ಕನ್ನಮ್ಮ ಅದನ್ನೇ ಹೇಳಿದಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮರದ ಮಣೆಯಲ್ಲಿ ಎದುರುಬದುರಾಗಿ ಎರಡು ಸಾಲು ಕುಳಿ, ಕುಳಿಗಳಲ್ಲಿ ಬೀಜದ ಕಾಯಿಗಳು. ಒಂದು ಕುಳಿಯ ಕಾಯಿಗಳನ್ನು ಎತ್ತಿ ಮುಂದಿನವುಗಳಿಗೆ ಒಂದೊಂದೇ ಹಂಚುತ್ತಾ ಹೋಗಬೇಕು. ಹಂಚಿ ಮುಗಿದಾಗ ಮುಂದಿನ ಕುಳಿ ಬರಿದಾಗಿದ್ದರೆ ಅದರಾಚೆಯ ಕುಳಿಯಲ್ಲಿರುವುದೆಲ್ಲ ಆಡಿದವರ ಪಾಲು. ಕೇಳಲಿಕ್ಕೆ ಮಕ್ಕಳಾಟ, ಆಡಲಿಕ್ಕೆ ಕೂತರೆ ಬೆವರು ಬರುತ್ತದೆ.

ಮೂರು ತಾಲ್ಲೂಕಿನ ಮನೆಮನೆಗೆ ಹೋಗಿ, ಮಣೆಯ ಮೇಲೆ ಮೊಬೈಲ್ ಕಟ್ಟಿ, ಶ್ಯಾಮಲಾ ಸಾವಿರಾರು ಆಟಗಳನ್ನು ಚಿತ್ರೀಕರಿಸಿಕೊಂಡಳು. ಆಡುವವರು ಹೆಚ್ಚಾಗಿ ಅತ್ತೆ ಸೊಸೆ, ಅಜ್ಜಿ ಮೊಮ್ಮಗಳು, ಅಕ್ಕ ತಂಗಿ. ಆ ಆಟಗಳನ್ನು ನೋಡಿ ನೋಡಿಯೇ ಅವಳ ಪ್ರೋಗ್ರಾಂ ಆಟ ಕಲಿಯಿತು. ಯಾವ ಪರಿಸ್ಥಿತಿಯಲ್ಲಿ ಜನ ಯಾವ ಕುಳಿಗೆ ಕೈ ಹಾಕುತ್ತಾರೆ ಎಂಬುದೇ ಅದರ ವಿದ್ಯೆ. ಮೊದಮೊದಲು ಅದು ಆಡುವುದನ್ನು ನೋಡಿ ಶ್ಯಾಮಲಾಗೆ ಮಗು ಅಂಬೆಗಾಲಿಟ್ಟಷ್ಟು ಸಂತೋಷವಾಯಿತು.

ಆಮೇಲೆ ಶುರುವಾಯಿತು ಕಾಟ. ಪ್ರೋಗ್ರಾಂ ಮೊದಲ ನಡೆ ತನ್ನದಾದರೆ ಹುಲಿಯಂತೆ ಆಡುತ್ತಿತ್ತು. ಎರಡನೆಯದಾಗಿ ಆಡಲು ಕೂರಿಸಿದರೆ ಮುಕ್ಕಾಲು ಆಟ ಚೆನ್ನಾಗಿ ಆಡಿ, ಇನ್ನೇನು ಗೆದ್ದಿತು ಅನ್ನುವಾಗ ಎದುರಿಗೇ ಕಾಣುವ ಕುಳಿಯನ್ನು ಬಿಟ್ಟು ಎಲ್ಲೋ ಕೈ ಹಾಕಿ ಸೋಲುತ್ತಿತ್ತು. ಆಟವೇ ಬಾರದ ಹುಡುಗರ ಎದುರೂ ಸೋತಿತು. ಶ್ಯಾಮಲಾ ಪ್ರೋಗ್ರಾಂನ ಸಾಲುಸಾಲನ್ನೂ ಜಾಲಾಡಿದಳು. ತಪ್ಪು ಸಿಗಲಿಲ್ಲ. ಸಿಗದಷ್ಟೂ ಹೆದರಿಕೆ ಹೆಚ್ಚಿತು. ಅವಳ ಸಂಶೋಧನೆಯ ಅವಧಿ ಮುಗಿದು, ಕೈಕಾಲು ಹಿಡಿದು ಪಡೆದ ವಿಸ್ತರಣೆಯೂ ಮುಗಿಯುತ್ತಾ ಬಂದಿತ್ತು. ಶ್ರಾವಣದಲ್ಲಿ ಕೊನೆಯ ಪರಿಶೀಲನೆ. ಅದು ಕೆಟ್ಟರೆ ನೋಂದಣಿ ರದ್ದು.

ಸಾಲದ್ದಕ್ಕೆ ಗೈಡ್ ಶ್ರೀಕೃಷ್ಣ ಸರ್ ಫೋನಿನಲ್ಲಿ ಹೊಸದೊಂದು ಯೋಚನೆ ತೆಗೆದರು. “ಪೀಠಿಕೆಯಲ್ಲಿ ನಿಮ್ಮ ಅತ್ತೆಯವರ ವಿಷಯ ಬರ್ದಿದ್ದೀರಲ್ಲ ಮೇಡಂ, ಅವರನ್ನೇ ಕರ್ಕೊಂಡು ಬನ್ನಿ. ತಜ್ಞರ ಎದುರು ಪ್ರೋಗ್ರಾಂ ಜೊತೆ ಆಡ್ಲಿ. ಪ್ರೋಗ್ರಾಂ ಗೆದ್ರೆ ಇನ್ನು ಯಾರೂ ಮಾತಾಡೋ ಹಾಗಿಲ್ಲ.” ಶ್ಯಾಮಲಾ ಹೂಂ ಎಂದುಬಿಟ್ಟಳು. ಕನ್ನಮ್ಮನಿಗೆ ಹೇಳಿದ್ದೇ ತಡ, ಅವಳು ಟ್ರಂಕಿನಿಂದ ಹಸಿರು ಸೀರೆ ತೆಗೆದು ಬಿಸಿಲು ಬಂದಾಗಲೆಲ್ಲ ಹರವತೊಡಗಿದಳು.

ಒಂದು ಭಾನುವಾರ ಊಟವಾದ ಮೇಲೆ ಕನ್ನಮ್ಮ ಮಣೆ ತಂದಿಟ್ಟಳು. “ಬಾರೇ, ಕೈ ಪಳಗಿಸ್ಕಳ್ಳೋಣ.” ಎಂದಿನಂತೆ ಮೊದಲ ನಡೆ ಅತ್ತೆಯದು. ನಮ್ಮ ಮನೆಗಳಲ್ಲಿ ಹಿರಿಯರೇ ಮೊದಲು ಆಡುವುದು, ಅದನ್ನು ಯಾರೂ ಕೇಳುವುದಿಲ್ಲ, ಹೇಳುವುದಿಲ್ಲ. ಆಟ ಮುಗಿಯುತ್ತಾ ಬಂತು. ಶ್ಯಾಮಲಾ ಒಂದು ಕುಳಿ ಎತ್ತಿದ್ದರೆ ಅತ್ತೆಯ ಸಾಲಿನ ದೊಡ್ಡ ಗುಡ್ಡೆ ಅವಳದಾಗುತ್ತಿತ್ತು. ಅವಳ ಕೈ ಆ ಕುಳಿಯ ಮೇಲೆ ಹೋಗಿ, ತಾನಾಗಿಯೇ ಸರಿದು, ಪಕ್ಕದ ಕುಳಿಯ ಎರಡು ಕಾಯಿ ಎತ್ತಿತು.

ಅವಳು ತನ್ನ ಕೈಯನ್ನೇ ನೋಡುತ್ತಾ ಕೂತಳು. ಕೈಯೊಳಗೆ ಎರಡು ಕಾಯಿ ಹಾಗೇ ಇದ್ದವು.

“ಹಾಕೇ, ಎಂತ ಯೋಚ್ನೆ?” ಎಂದಳು ಕನ್ನಮ್ಮ.

ಹಾಕಿದಳು. ಕನ್ನಮ್ಮ ಗೆದ್ದು, ಖುಷಿಯಲ್ಲಿ ಎಲೆಯಡಿಕೆ ಹಾಕಿಕೊಂಡಳು. ಶ್ಯಾಮಲಾ ಎದ್ದು ಕೋಣೆಗೆ ಹೋಗಿ, ಚಿತ್ರೀಕರಿಸಿದ್ದ ಆಟಗಳನ್ನು ಒಂದೊಂದಾಗಿ ನೋಡಿದಳು. ಹೇಮಾವತಿಯ ಕೈ ಸರಿಯುತ್ತಿತ್ತು. ಹೊಸನಗರದ ಬೀಗರ ಸೊಸೆಯ ಕೈ ಸರಿಯುತ್ತಿತ್ತು. ಎಲ್ಲ ಮನೆಯಲ್ಲೂ ಎರಡನೆಯದಾಗಿ ಆಡುವ ಕಿರಿಯಳು, ಗೆಲುವು ಕಣ್ಣೆದುರಿಗಿದ್ದಾಗ ಪಕ್ಕದ ಕುಳಿಗೆ ಹೋಗುತ್ತಿದ್ದಳು. ಹಿರಿಯ ಹೆಂಗಸಿನ ಸಾಲನ್ನು ಬರಿದು ಮಾಡಬಾರದು ಎಂದು ಯಾರೂ ಯಾರಿಗೂ ಕಲಿಸಿದ್ದಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು, ಈಗ ಪ್ರೋಗ್ರಾಂಗೂ ಗೊತ್ತಾಗಿತ್ತು. ಅದು ಮೂರು ತಾಲ್ಲೂಕಿನ ಒಳ್ಳೆಯ ಸೊಸೆಯಾಗಿ ಬೆಳೆದಿತ್ತು. ಅದೇ ನೀರು ಕುಡಿದು ಬೆಳೆದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಶ್ಯಾಮಲಾಗೆ ನಗು ಬಂತು. ನಗು ಮುಗಿಯುವ ಮೊದಲೇ ಇನ್ನೊಂದು ಹೊಳೆಯಿತು. ಅಂದರೆ ಅತ್ತೆ ಇಷ್ಟು ವರ್ಷ ಗೆದ್ದದ್ದು?

ಪ್ರೋಗ್ರಾಂ ಸರಿಮಾಡುವುದು ಕಷ್ಟವಾಗಲಿಲ್ಲ. ಜನರ ಆಟವನ್ನೆಲ್ಲ ಬದಿಗಿಟ್ಟು, ಅದು ತನ್ನ ಜೊತೆ ತಾನೇ ಲಕ್ಷಗಟ್ಟಲೆ ಆಟ ಆಡಿಕೊಂಡು ಕಲಿಯುವ ಹಾಗೆ ಮಾಡಿದಳು. ತನ್ನ ಎದುರು ತಾನೇ ಕೂತವರಿಗೆ ಯಾವ ಅತ್ತೆ, ಯಾವ ಸೊಸೆ? ಹೊಸ ಪ್ರೋಗ್ರಾಂ ಯಾರಿಗೂ ಒಂದು ಕಾಯಿ ಬಿಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಈಗ ಎರಡೂ ಇದ್ದವು. ಹಳೆಯದನ್ನು ಹಾಕಿದರೆ ಅತ್ತೆ ಗೆಲ್ಲುತ್ತಾಳೆ, ಪಿಎಚ್.ಡಿ. ಹೋಗುತ್ತದೆ. ಹೊಸದನ್ನು ಹಾಕಿದರೆ ಅತ್ತೆ ಹತ್ತು ಜನರೆದುರು ಮೊದಲ ಬಾರಿಗೆ ಸೋಲುತ್ತಾಳೆ.

ಯೋಗರಾಜ ವೈಂಡಿಂಗ್ ಮಾಡುತ್ತಾ ಕೂತಿದ್ದಾಗ ಅಂಗಡಿಗೇ ಹೋಗಿ ಎಲ್ಲ ಹೇಳಿದಳು. ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ.

“ಅಮ್ಮಂಗೆ ಬಿಪಿ ಇದೆ, ಗೊತ್ತಲ್ದಾ?”

“ಗೊತ್ತು ರೀ.”

“ಅಮ್ಮಂಗೆ ಅದೊಂದೇ ಇರೋದು. ಏನಾದ್ರೂ ನೆಪ ಹೇಳಿ ಬಿಟ್ಟೇ ಹೋಗು.”

ನೆಪ ಹೇಳಲು ನೋಡಿದಳು. ಬಸ್ಸಲ್ಲಿ ಸುಸ್ತಾಗ್ತದೆ ಎಂದಳು, ಮಳೆ ಜೋರಿದೆ ಎಂದಳು. “ನಾ ಎಂತ ಉಪ್ಪಾ ಕರಗ್ಲಿಕ್ಕೆ?” ಎಂದ ಕನ್ನಮ್ಮ ಪರಿಶೀಲನೆಯ ದಿನ ಅವಳಿಗಿಂತ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ತಾನು ಮಿಷನ್ನಿಗೆ ಆಟ ಕಲಿಸಲು ಹೋಗುತ್ತಿರುವುದಾಗಿ ಜಟ್ಟಿಂಗಪ್ಪನಿಗೆ ಹೇಳಿದಳು. ಪಕ್ಕದಲ್ಲಿ ಶ್ಯಾಮಲಾ ಲ್ಯಾಪ್‌ಟಾಪ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಳೆಯದೋ ಹೊಸದೋ ಎಂದು ತೀರ್ಥಹಳ್ಳಿ ಬರುವವರೆಗೂ ಅವಳು ನಿಶ್ಚಯಿಸಿರಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಮೇಜಿನ ಮೇಲೆ ಮಣೆ ಇಟ್ಟರು. ಕನ್ನಮ್ಮ ಒಂದು ಕಡೆ ಕುರ್ಚಿಯಲ್ಲಿ ಕೂತಳು. ಎದುರು ಕೂತ ಶ್ಯಾಮಲಾ ಅತ್ತೆಯ ನಡೆಯನ್ನು ಲ್ಯಾಪ್‌ಟಾಪಿಗೆ ಹಾಕಬೇಕು, ಅದು ಹೇಳಿದ ನಡೆಯನ್ನು ಮಣೆಯ ಮೇಲೆ ತನ್ನ ಕೈಯಿಂದ ಆಡಬೇಕು. ಶ್ರೀಕೃಷ್ಣ ಸರ್, ಇಬ್ಬರು ತಜ್ಞರು, ಹಿಂದೆ ಕಾಲೇಜಿನ ಸಹೋದ್ಯೋಗಿಗಳು. ಪರದೆಯ ಮೇಲೆ ಹಳೆಯ ಪ್ರೋಗ್ರಾಂ, ಹೊಸ ಪ್ರೋಗ್ರಾಂ ಎರಡರ ಹೆಸರೂ ಇತ್ತು. ಆರು ವರ್ಷ ಬಸ್ಸಿನಲ್ಲಿ ಬೆರಳು ಬಿಡಿಸಿದ್ದು ಅವಳಿಗೆ ನೆನಪಾಯಿತು, ಅತ್ತೆಯ ಬಿಪಿ ಮಾತ್ರೆಯೂ ನೆನಪಾಯಿತು. ಹೊಸದನ್ನು ಒತ್ತಿದಳು. ಒತ್ತಿದ ಕ್ಷಣವೇ ಬೇಡವಾಗಿತ್ತು ಅನ್ನಿಸಿತು.

ಕನ್ನಮ್ಮ ಠೀವಿಯಿಂದ ಆಡಿದಳು. ಅರ್ಧ ಆಟದವರೆಗೆ ಸರಿಸಮ. ಆಮೇಲೆ ಲ್ಯಾಪ್‌ಟಾಪ್ ಒಂದು ಕುಳಿ ತೋರಿಸಿತು, ಶ್ಯಾಮಲಾ ಹಂಚಿದಳು, ಅತ್ತೆಯ ಗುಡ್ಡೆ ಅವಳ ಕೈಗೆ ಬಂತು. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಲ್ಲಿ ಅತ್ತೆಯ ಸಾಲಿನಿಂದ ಅಷ್ಟು ಕಾಯಿಗಳನ್ನು ಅವಳು ಎತ್ತಿದ್ದು ಇದೇ ಮೊದಲು. ಎರಡು ಕಾಯಿ ಜಾರಿ ನೆಲಕ್ಕೆ ಬಿದ್ದವು, ಬಗ್ಗಿ ಹೆಕ್ಕಿದಳು. ಕನ್ನಮ್ಮ ಅವಳ ಮುಖ ನೋಡಿದಳು. ಮತ್ತೆ ಆಡಿದಳು, ಮತ್ತೆ ಹೋಯಿತು. ಕೊನೆಗೆ ಅವಳ ಸಾಲು ಪೂರ್ತಿ ಬರಿದಾಯಿತು.

“ಇನ್ನೊಂದು ಹಾಕು” ಎಂದಳು ಕನ್ನಮ್ಮ.

ಎರಡನೆಯದನ್ನೂ ಸೋತಳು. ಸೆರಗಿನಿಂದ ಹಣೆ ಒರೆಸಿಕೊಂಡು ಮೂರನೆಯದು ಕೇಳಿದಳು. ಶ್ಯಾಮಲಾ ನೀರು ಕೊಟ್ಟಳು, ಅತ್ತೆ ಕುಡಿಯಲಿಲ್ಲ. ಮೂರನೆಯದೂ ಹೋಯಿತು. ತಜ್ಞರಲ್ಲೊಬ್ಬರು “ಅದ್ಭುತ” ಎಂದು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಆ ಚಪ್ಪಾಳೆ ಕೇಳಿ ಶ್ಯಾಮಲಾಗೆ ಎಲ್ಲರ ಮೇಲೂ ಸಿಟ್ಟು ಬಂತು. ಪ್ರಬಂಧ ಸಲ್ಲಿಸಬಹುದು ಎಂದು ಶ್ರೀಕೃಷ್ಣ ಸರ್ ಕೈ ಕುಲುಕಿದಾಗ ಅವಳು ಥ್ಯಾಂಕ್ಸ್ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ವಾಪಸು ಬಸ್ಸಿನಲ್ಲಿ ಕನ್ನಮ್ಮ ಕಿಟಕಿ ಪಕ್ಕ ಕೂತಳು. ಏನಮ್ಮ ಆಟ ಎಂತಾಯ್ತು ಎಂದು ಜಟ್ಟಿಂಗಪ್ಪ ಕೇಳಿದರೆ ತಲೆ ತಿರುಗಿಸಿಕೊಂಡಳು. ಶ್ಯಾಮಲಾ ಅತ್ತೆಯ ಉಸಿರನ್ನೇ ನೋಡುತ್ತಾ ಕೂತಿದ್ದಳು. ಹುಂಚದಕಟ್ಟೆ ದಾಟಿದ ಮೇಲೆ ಕನ್ನಮ್ಮ ಕೇಳಿದಳು.

“ಮಿಷನ್ ಎತ್ತಿದ ಕುಳಿ ಮೇಲೆ ನಿನ್ನ ಕೈನೂ ಬಂದು ಸರೀತಿತ್ತು. ನೀನು ಬಿಟ್ಟುಕೊಡ್ತಿದ್ದೆ ಅಲ್ದಾ?”

ಇಲ್ಲ ಅನ್ನಲು ಬಾಯಿ ತೆರೆದ ಶ್ಯಾಮಲಾ, “ಹೂಂ ಅತ್ತೆ” ಎಂದಳು.

“ಹೇಮಾನೂ?”

“ಹೂಂ.”

ಕನ್ನಮ್ಮ ಕಿಟಕಿಯಿಂದ ಇತ್ತ ತಿರುಗಿದಳು. “ನಾನೂ ನಮ್ಮತ್ತೆಗೆ ಬಿಟ್ಟುಕೊಡ್ತಿದ್ದೆ ಕಣೇ, ಅವ್ರು ಹೋಗೋ ತನಕ. ಪಾಪ, ಅವ್ರಿಗೆ ಗೊತ್ತೇ ಆಗ್ಲಿಲ್ಲ ಅಂತ ಎಷ್ಟು ನಕ್ಕಿದೀನಿ ಗೊತ್ತಾ. ನಂಗೂ ಹಂಗೇ ಆಗಿರಬಹುದು ಅಂತ ಒಂದಿನನೂ ಅನ್ನಿಸ್ಲಿಲ್ಲ ನೋಡು.”

ಶ್ಯಾಮಲಾ ಅತ್ತೆಯ ಕೈ ಹಿಡಿದುಕೊಂಡಳು. ಕನ್ನಮ್ಮ ಕೈ ಕೊಸರಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಬಿಪಿ ಏನೂ ಏರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಕನ್ನಮ್ಮ ತಾನೇ ಕೇಳಿ ಲ್ಯಾಪ್‌ಟಾಪ್ ತೆರೆಸಿಕೊಂಡಳು. ಪರದೆಯ ಮೇಲಿನ ಬಾಣವನ್ನು ಕುಳಿಯ ಮೇಲೆ ಒಯ್ದು ಒತ್ತುವುದನ್ನು ಕಲಿತಳು. ದಿನಾ ಆಡಿದಳು, ದಿನಾ ಸೋತಳು. ಒಂದು ದಿನ ಎರಡೇ ಕಾಯಿಯಿಂದ ಸೋತಾಗ ಮಗನನ್ನು ಅಂಗಡಿಯಿಂದ ಕರೆಸಿ ತೋರಿಸಿದಳು. ಅಮ್ಮ ಹುಷಾರಾಗಿದ್ದಾಳೆ ಎಂದು ಯೋಗರಾಜ ನಿರಾಳವಾದ. ಹೊಸನಗರಕ್ಕೂ ಸಾಗರಕ್ಕೂ ಹೋಗುವ ಮಾತನ್ನು ಅವಳು ನಿಲ್ಲಿಸಿದ್ದು ಶ್ಯಾಮಲಾಗೆ ಮಾತ್ರ ಗೊತ್ತಾಯಿತು. ಹೇಮಾವತಿ ಬಂದು ಮಣೆ ಇಟ್ಟರೆ, “ಸೊಂಟ ನೋವು, ನೀವೇ ಆಡ್ಕಳಿ” ಎಂದು ಒಳಗೆ ಹೋದಳು.

ಭಾನುವಾರ ಶ್ಯಾಮಲಾ ಕಾಫಿ ತಂದು ಅತ್ತೆಯ ಪಕ್ಕ ಕೂತು, ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.

“ಅತ್ತೆ, ನನ್ನ ಜೊತೆ ಒಂದಾಟ ಆಡಿ. ಆಣೆಗೂ ಬಿಡಲ್ಲ. ನಿಜವಾಗಿ ಆಡ್ತೀನಿ.”

ಕನ್ನಮ್ಮ ಕಾಫಿ ಲೋಟ ತೆಗೆದುಕೊಂಡು ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು. ಸಿಟ್ಟಿರಲಿಲ್ಲ, ಬರೀ ಹುಡುಕುತ್ತಿದ್ದಳು.

“ನೀ ಹಂಗೇ ಹೇಳ್ತೀಯ ಮಗಾ. ನಾ ಗೆದ್ರೆ ನಂಗೆ ಗೊತ್ತಾಗೋದು ಹೆಂಗೆ?” ಎಂದು ಕೇಳಿದಳು.