ಭಾಭಿಯ ದುಪಟ್ಟಾ, ನನ್ನ ಚಾಕು

ನನ್ನ ಜೇಬಿನಲ್ಲಿ ಸದಾ ಒಂದು ದಪ್ಪನೆಯ ಮಡಚುವ ಚಾಕು ಇರುತ್ತದೆ. ಅಪಘಾತದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲೆಂದೇ ಮಾಡಿದ್ದು ಕಣೇ ಎಂದರೆ ನನ್ನಾಕೆ, "ರಿಟೈರ್ ಆದಮೇಲೆ ರೌಡಿಯಾದಿರಿ" ಎನ್ನುತ್ತಾಳೆ. ಪಾಪ, ಅವಳು ಕಂಡಿದ್ದು ಅದರಲ್ಲಿ ನಾನು ಮಾವಿನಕಾಯಿ ಹೆಚ್ಚುವುದನ್ನು ಮಾತ್ರ.

ಮೊನ್ನೆ ವಡೋದರಾದ ಮಕರಪುರದಲ್ಲಿ ನನ್ನೆದುರೇ ಒಂದು ಸ್ಕೂಟರ್ ಗಕ್ಕನೆ ನಿಂತಿತು. ಹಿಂದೆ ಕೂತಿದ್ದ ಹುಡುಗಿಯ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಅವಳ ಕುತ್ತಿಗೆ ಬಿಗಿದಿತ್ತು. ಸ್ಕೂಟರ್ ಓಡಿಸುತ್ತಿದ್ದ ಅವಳ ಗಂಡ ಇಳಿದು ಎಳೆದಷ್ಟೂ ಅದು ಇನ್ನಷ್ಟು ಬಿಗಿಯುತ್ತಿತ್ತು. ನಾನು ಚಾಕು ತೆಗೆದದ್ದೇ ಅವನು ಕೈ ಅಡ್ಡ ಹಿಡಿದು, "ಕಾಕಾ, ಕುತ್ತಿಗೆ ಕೊಯ್ದೀರಿ!" ಎಂದು ಕೂಗಿದ.

"ಬೇಟಾ, ಅಲಗು ಬಿಚ್ಚೇ ಇಲ್ಲ, ನೋಡು," ಎಂದೆ.

ಹಿಡಿಯ ತುದಿಯಲ್ಲಿ ಸೀಟ್ ಬೆಲ್ಟ್ ಕತ್ತರಿಸುವ ಕೊಕ್ಕೆಯಿದೆ. ಹರಿತವೆಲ್ಲ ಅದರ ಒಳಮೈಯಲ್ಲೇ ಇರುವುದರಿಂದ ಚರ್ಮಕ್ಕೆ ತಾಗುವುದಿಲ್ಲ. ಬಟ್ಟೆಗೆ ಸಿಕ್ಕಿಸಿ ಒಮ್ಮೆ ಎಳೆದೆ ನೋಡಿ, ಬಿಗಿದ ದುಪಟ್ಟಾ ಸರ್ರನೆ ಎರಡಾಯಿತು!

ಹುಡುಗಿ ಕೆಮ್ಮಿ, ಉಸಿರೆಳೆದುಕೊಂಡು, ಕೈಯಲ್ಲಿದ್ದ ತುಂಡನ್ನು ನೋಡಿದಳು. "ಅಯ್ಯೋ, ಇದು ಭಾಭಿಯದು! ಕೇಳದೆ ಹಾಕಿಕೊಂಡು ಬಂದಿದ್ದೆ!"

ಗಂಡನ ಮುಖ ಮತ್ತೆ ಬಿಳಿಚಿತು. "ಕಾಕಾ, ದಯವಿಟ್ಟು ಮನೆಗೆ ಬನ್ನಿ. ಭಾಭಿ ಎಂದರೆ ನನ್ನ ಅತ್ತಿಗೆ, ಅವರಿಗೆ ನೀವೇ ಹೇಳಬೇಕು."

ಹೋದೆ. ಚಹಾ ಮುಗಿಯುವಷ್ಟರಲ್ಲಿ ಭಾಭಿ ನಗುತ್ತಿದ್ದರು. ಗಾಜು ಒಡೆಯಲು ಮೊನೆ, ಹಗ್ಗ ಕೊಯ್ಯಲು ಗರಗಸದಂಥ ಹಲ್ಲು, ಒಂದೇ ಕೈಯಲ್ಲಿ ಬಿಚ್ಚುವ ಅಲಗು, ಏನಿಲ್ಲ ಹೇಳಿ ನನ್ನ ಚಾಕುವಿನಲ್ಲಿ! ಆದರೆ ಭಾಭಿಯ ಮುಂದೆ ಕೆಲಸಕ್ಕೆ ಬಂದದ್ದು, ನನ್ನಾಕೆ ದಿನವೂ ಮಡಚಿಡಿ ಎನ್ನುವ ನನ್ನ ನಾಲಿಗೆ.