ಪಂದ್ಯದ ಬೆಳಿಗ್ಗೆ ಗೋಧಿ ಹುಗ್ಗಿ

ಅವಳು ನಮ್ಮ ಮನೆಗೆ ಮೊದಲ ಸಲ ಬಂದದ್ದು ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ. ನನ್ನ ಡೈರಿಯಲ್ಲಿ ಆ ದಿನದ ಕೆಳಗೆ ಹೀಗಿದೆ: ಆಲಿಕಲ್ಲು ಮಳೆ, ಬಸ್ಸು ತಡ, ರಾಕೆಟ್ ಆರು, ಸೂಟ್‌ಕೇಸ್ ಒಂದು, ಅನ್ನದ ಕುಕ್ಕರ್ ಒಂದು. ಆ ಕುಕ್ಕರ್ ಬಾಗಿಲಲ್ಲೇ ಅವ್ವನ ಕಣ್ಣಿಗೆ ಬಿತ್ತು.

ನಾವಿರುವ ಊರು ಲಫ್‌ಬರೋದಲ್ಲಿ ಚಳಿಗಾಲಕ್ಕೊಮ್ಮೆ ಹೆಂಗಸರ ಸಣ್ಣ ಟೆನಿಸ್ ಪಂದ್ಯಾವಳಿ ನಡೆಯುತ್ತದೆ. ಆಡುವವರು ವೃತ್ತಿಪರರೇ, ಆದರೆ ಟಿವಿಯಲ್ಲಿ ಕಾಣುವವರಲ್ಲ. ವಾರಗಟ್ಟಲೆ ಹೋಟೆಲಿನಲ್ಲಿರುವುದು ಅವರಿಗೆ ಹೊರೆ. ಅದಕ್ಕೇ ಊರಲ್ಲಿ ಖಾಲಿ ಕೋಣೆ ಇದ್ದವರು ಒಬ್ಬೊಬ್ಬರನ್ನು ಮನೆಯಲ್ಲಿ ಇರಿಸಿಕೊಳ್ಳುತ್ತಾರೆ. ನಾನು ಅಲ್ಲಿ ಸ್ವಯಂಸೇವಕಿ; ಪಂದ್ಯಗಳ ಸರ್ವ್ ಎಣಿಸಿ ಗೀಟು ಹಾಕುವುದು ನನ್ನ ಹವ್ಯಾಸ. ಅಣ್ಣ ಮ್ಯಾಂಚೆಸ್ಟರಿಗೆ ಹೋದಮೇಲೆ ಅವನ ಕೋಣೆ ಖಾಲಿ ಇತ್ತು. ಅವ್ವನನ್ನು ಕೇಳಿದೆ. "ಬರ್ಲಿ ತಗೊ, ಮನ್ಯಾಗ ಒಂದ್ ಹೆಣ್ ಕೂಸು ಹೆಚ್ಚಾದ್ರ ಏನಾತು," ಅಂದಳು.

ಚೀನಾದ ಹುಡುಗಿ. ನನಗಿಂತ ಒಂದು ವರ್ಷ ಚಿಕ್ಕವಳು. ಅವ್ವ ಚಹಾ ಮಾಡಲು ಹೊರಟರೆ, ಬರೀ ಬಿಸಿನೀರು ಸಾಕು ಎಂದಳು. ಅವ್ವ ನನ್ನ ಕಡೆ ತಿರುಗಿ, "ಬಿಸಿನೀರ್ ಕುಡ್ಯಾಕಿ ಕೆಟ್ಟಾಕಿ ಇರಾಂಗಿಲ್ಲ," ಅಂದಳು. ಅವ್ವನೂ ಹುಬ್ಬಳ್ಳಿಯಿಂದ ಬಂದಾಗಿನಿಂದ ಈ ಥಂಡಿಯಲ್ಲಿ ಅದನ್ನೇ ಕುಡಿಯುತ್ತಾಳೆ.

ಬಿಸಿನೀರಿನ ಲೋಟ ಹಿಡಿದುಕೊಂಡೇ ಅವಳು ತನ್ನ ವಿಷಯ ಹೇಳಿದಳು. ಎಂಟನೆಯ ವಯಸ್ಸಿಗೆ ಕ್ರೀಡಾಶಾಲೆಯ ಹಾಸ್ಟೆಲ್. ಆಮೇಲೆ ಪ್ರಾಂತ್ಯದ ತಂಡ. ಈಗ ಒಬ್ಬಳೇ ಊರೂರು ತಿರುಗಿ ಆಡುತ್ತಿದ್ದಾಳೆ. ಆದರೆ ತಂಡದ ಕೋಚ್ ಒಂದು ಮಾತು ಹೇಳಿ ಕಳಿಸಿದ್ದರು: ಈ ಚಳಿಗಾಲದಲ್ಲಿ ಒಂದಾದರೂ ಕಡೆ ಅರ್ಹತಾ ಸುತ್ತು ದಾಟಿ ಮುಖ್ಯ ಸುತ್ತಿಗೆ ಬರಬೇಕು. ಇಲ್ಲದಿದ್ದರೆ ವಾಪಸು ಬಂದು ತಂಡದ ಚಿಕ್ಕ ಹುಡುಗಿಯರಿಗೆ ಚೆಂಡು ಹೊಡೆದುಕೊಡುವ ಕೆಲಸ. ಅಲ್ಲಿಯವರೆಗೆ ಎಲ್ಲ ಕಡೆಯೂ ಅರ್ಹತಾ ಸುತ್ತಿನಲ್ಲೇ ಸೋತಿದ್ದಳು.

"ಇದು ಕೊನೆಯದು," ಎಂದಳು, ರೈಲಿನ ವೇಳೆ ಹೇಳುವಂತೆ. "ಭಾನುವಾರ ಗೆಲ್ಲಬೇಕು, ಸೋಮವಾರ ಗೆಲ್ಲಬೇಕು. ಅಷ್ಟೇ."

ಭಾನುವಾರ ತನ್ನ ಕುಕ್ಕರಿನಲ್ಲಿ ತಾನೇ ಒಂದು ಹಿಡಿ ಅನ್ನ ಮಾಡಿಕೊಂಡು, ಒಂದು ಬಾಳೆಹಣ್ಣು ತಿಂದು ಹೋದಳು. ಸುಲಭವಾಗಿ ಗೆದ್ದಳು. ನಾನು ಖುಷಿಯಿಂದ ಮನೆಗೆ ಬಂದರೆ ಅವ್ವನ ಮುಖ ಇಳಿದಿತ್ತು.

"ನಮ್ಮನಿಗೆ ಬಂದಾಕಿ ತನ್ನ ಅನ್ನ ತಾನ ಕುದಿಸ್ಕೊಂಡು ತಿಂದ್ರ, ನಾ ಇರೋದು ಯಾಕ?"

"ಅವ್ವಾ, ಆಟಗಾರರು ಹಂಗ ಇರ್ತಾರ."

"ಇರ್ಲಿ. ಹೊಟ್ಟಿ ಎಲ್ಲಾರ್ದೂ ಒಂದ."

ಆ ಸಂಜೆ ಅವ್ವ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ಅವಳನ್ನು ಕೂರಿಸಿದಳು. ಅವಳು ತಟ್ಟೆ ಖಾಲಿ ಮಾಡಿದಳು. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅದೂ ಖಾಲಿ. ಹಾಸ್ಟೆಲಿನಲ್ಲಿ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಮೈದಾನದ ಸುತ್ತ ಓಡಿಸುತ್ತಿದ್ದರೆಂದು ಅವಳು ಆಮೇಲೆ ಹೇಳಿದಳು. ನಮ್ಮ ಕಡೆ ತಟ್ಟೆ ಖಾಲಿಯಾಯಿತೆಂದರೆ ಇನ್ನೂ ಬಡಿಸು ಎಂದರ್ಥ. ಒಬ್ಬಳು ಬಿಡಲಾರಳು, ಇನ್ನೊಬ್ಬಳು ನಿಲ್ಲಿಸಲಾರಳು. ಅಪ್ಪ ಡಾಕ್ಟರು, ಆ ವಾರ ಲೆಸ್ಟರ್‌ನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಕೋಟು ಹಾಕಿಕೊಳ್ಳುತ್ತಾ ನೋಡಿ, "ಇವರಿಬ್ಬರ ಟೆನಿಸ್ ರ‍್ಯಾಲಿ ನಾ ಡ್ಯೂಟಿ ಮುಗಿಸಿ ಬಂದ್ರೂ ಮುಗಿಯಾಂಗಿಲ್ಲ," ಅಂದು ಹೋದರು.

ನಾನು ಅವಳಿಗೆ "ಸಾಕು" ಎಂಬ ಮಾತು ಕಲಿಸಿದೆ, ತಟ್ಟೆಗೆ ಕೈ ಅಡ್ಡ ಹಿಡಿಯುವುದನ್ನೂ. ಅದು ಎರಡನೆಯ ದಿನಕ್ಕೆ ಸಾಲುವ ಪಾಠವಾಗಿರಲಿಲ್ಲ.

ಸೋಮವಾರ ನಾನು ಕೆಳಗಿಳಿದು ಬರುವಷ್ಟರಲ್ಲಿ ಮನೆಯೆಲ್ಲ ಬೆಲ್ಲ, ತುಪ್ಪದ ವಾಸನೆ. ಅವ್ವ ಹಿಂದಿನ ರಾತ್ರಿಯೇ ಕುಟ್ಟಿದ ಗೋಧಿ ನೆನೆಹಾಕಿದ್ದಳಂತೆ. ಗೋಧಿ ಹುಗ್ಗಿ. ನಮ್ಮಲ್ಲಿ ಮಕ್ಕಳ ಪರೀಕ್ಷೆಗೆ, ಹೊಸ ಕೆಲಸಕ್ಕೆ, ಯಾವುದಕ್ಕಾದರೂ ಹೊರಡುವ ಮೊದಲು ಬಾಯಿ ಸಿಹಿ ಮಾಡಿ ಕಳಿಸುತ್ತಾರೆ. ಒಂದು ಚಮಚ ಸಕ್ಕರೆಯಾದರೂ ನಡೆಯುತ್ತದೆ. ಅವ್ವನಿಗೆ ನಡೆಯಲಿಲ್ಲ. ಹುಗ್ಗಿ ತಿಂದವರು ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ಕೂರಬೇಕು, ಅಷ್ಟು ಭಾರ ಅದು.

"ಅವ್ವಾ, ಹತ್ತು ಗಂಟೆಗೆ ಆಟ ಐತಿ!"

"ಅದಕ್ಕ ಮಾಡೇನಿ. ಖಾಲಿ ಹೊಟ್ಟಿಲೆ ಕಳಸ್ಲೇನ ಕೂಸಿನ್ನ?"

ಅವಳು ಒಂದು ಬಟ್ಟಲು ತಿಂದಳು. "ಸಾಕು," ಎಂದಳು, ಕೈಯನ್ನೂ ಅಡ್ಡ ಹಿಡಿದಳು.

"ಮೊದ್ಲ ಸಾಕು ಅನ್ನೋದು ಮರ್ಯಾದಿ ಮಾತು," ಎಂದು ಅವ್ವ ನನಗೆ ಹೇಳಿ, ಬೆರಳುಗಳ ಸಂದಿಯಿಂದಲೇ ಇನ್ನೊಂದು ಸೌಟು ಹಾಕಿದಳು. ಆಮೇಲೆ ತುಪ್ಪ. ಆಮೇಲೆ ಇನ್ನೊಂದು ಸೌಟು. ನಾನು ಇಂಗ್ಲಿಷಿನಲ್ಲಿ, "ತಿನ್ನಬೇಡ, ಬಿಟ್ಟುಬಿಡು," ಎಂದೆ.

"ನಿಮ್ಮಮ್ಮ ನನ್ನ ಬಾಯನ್ನೇ ನೋಡುತ್ತಿದ್ದಾರೆ," ಎಂದಳು. "ಹೇಗೆ ಬಿಡಲಿ?" ತಡೆಯಬಲ್ಲ ಡಾಕ್ಟರು ಮೇಲೆ ಗೊರಕೆ ಹೊಡೆಯುತ್ತಿದ್ದರು.

ಅವ್ವ ಅಂದು ಮೊದಲ ಬಾರಿ ಆಟ ನೋಡಲು ಬಂದಳು. ಸೀರೆ, ಸ್ವೆಟರು, ಅದರ ಮೇಲೆ ನನ್ನ ಹಳೆಯ ಕೋಟು. ಎದುರಾಳಿ ಲೀಡ್ಸಿನ ಎತ್ತರದ ಹುಡುಗಿ. ಮೊದಲ ಸೆಟ್ಟಿನಲ್ಲಿ ಅವಳು ಚೆಂಡನ್ನು ಎಡಕ್ಕೊಂದು ಬಲಕ್ಕೊಂದು ಹಾಕಿದಳು; ನಮ್ಮವಳು ಪ್ರತಿ ಚೆಂಡಿಗೂ ಅರ್ಧ ಹೆಜ್ಜೆ ಹಿಂದೆ. ಹಿಂದಿನ ದಿನ ಮೊಲದಂತೆ ಓಡಿದವಳು ಈಗ ನೀರಿನಲ್ಲಿ ನಡೆಯುವವಳಂತೆ ಕಾಣುತ್ತಿದ್ದಳು. ಆರು ಒಂದಕ್ಕೆ ಸೆಟ್ ಹೋಯಿತು.

"ಯಾಕ ಓಡವಲ್ಲಳು?" ಎಂದಳು ಅವ್ವ.

"ಹುಗ್ಗಿ, ಅವ್ವಾ."

ಅವ್ವ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಆ ಹುಡುಗಿ ಇಂದು ಸೋತರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು. ಶನಿವಾರ ನಾನೇ ಕನ್ನಡದಲ್ಲಿ ಹೇಳಿದ್ದೆ.

ಎರಡನೆಯ ಸೆಟ್ಟಿಗೆ ನಮ್ಮವಳು ಬಂದು ನಿಂತ ಜಾಗ ನೋಡಿ ನನಗೆ ಆಶ್ಚರ್ಯವಾಯಿತು. ಅಲ್ಲಿಯವರೆಗೆ ಹಿಂದಿನ ಗೆರೆಯಿಂದ ದೂರ ನಿಂತು, ಎಲ್ಲದರ ಹಿಂದೆ ಓಡಿ ಓಡಿ ಚೆಂಡು ಮರಳಿಸುವುದೇ ಅವಳ ಆಟ. ಹಾಸ್ಟೆಲಿನಲ್ಲಿ ಕಲಿಸಿದ್ದೂ ಅದನ್ನೇ. ಈಗ ಗೆರೆಯ ಒಳಗೆ ನಿಂತಿದ್ದಳು. ಓಡಲಾಗುವುದಿಲ್ಲವೆಂದು ಗೊತ್ತಾದ ಮೇಲೆ, ಓಡುವ ಪ್ರಸಂಗವೇ ಬರದಂತೆ ಪುಟಿದ ತಕ್ಷಣ ಹೊಡೆಯತೊಡಗಿದಳು. ಕೆಲವು ಬಲೆಗೆ ಬಿದ್ದವು, ಕೆಲವು ಗೋಡೆಗೆ. ಆದರೆ ಸರಿಯಾಗಿ ಬಿದ್ದವು ಮರಳಿ ಬರಲಿಲ್ಲ. ಮೂರು ನಾಲ್ಕು ಹೊಡೆತಕ್ಕೆ ಪಾಯಿಂಟ್ ಮುಗಿಯುತ್ತಿತ್ತು. ಆ ಸೆಟ್ ಅವಳದಾಯಿತು.

ಅರ್ಹತಾ ಸುತ್ತಿನಲ್ಲಿ ಮೂರನೆಯ ಸೆಟ್ ಇಲ್ಲ. ಹತ್ತು ಪಾಯಿಂಟಿನ ಟೈಬ್ರೇಕ್ ಅಷ್ಟೇ; ಎರಡು ಪಾಯಿಂಟಿನ ಅಂತರದಲ್ಲಿ ಮೊದಲು ಹತ್ತು ಮುಟ್ಟಿದವರು ಗೆದ್ದಂತೆ. ನನ್ನ ಡೈರಿಯಲ್ಲಿ ಆ ಪುಟದ ಗೀಟುಗಳು ಅಲ್ಲಿಗೆ ನಿಂತಿವೆ, ಯಾಕೆಂದರೆ ಪೆನ್ನು ಹಿಡಿದ ನನ್ನ ಕೈಯನ್ನು ಅವ್ವ ಹಿಡಿದುಕೊಂಡಿದ್ದಳು. ಎಂಟು ಎಂಟು. ನಮ್ಮವಳ ಒಂದು ಹೊಡೆತ ಬಲೆಯ ಅಂಚಿಗೆ ತಾಗಿ ಆ ಕಡೆಗೆ ಬಿತ್ತು. ಅದೃಷ್ಟದಿಂದ ಸಿಕ್ಕ ಪಾಯಿಂಟಿಗೆ ಅವಳು ಕೈಯೆತ್ತಿ ಕ್ಷಮೆ ಕೇಳಿದಳು. ಮುಂದಿನದರಲ್ಲಿ ಲೀಡ್ಸಿನ ಹುಡುಗಿ ಹೊರಗೆ ಹೊಡೆದಳು. ಅವ್ವ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಆ ಲೀಡ್ಸಿನ ಹುಡುಗಿಯ ತಾಯಿ ಎರಡು ಕುರ್ಚಿ ಆಚೆ ಕೂತದ್ದು ನೋಡಿ ಮೆಲ್ಲಗೆ ಕೂತಳು.

ಹೊರಗೆ ಬಂದಾಗ ನಮ್ಮವಳ ಮುಖ ಬಿಳಚಿಕೊಂಡಿತ್ತು. ಅವ್ವ ನನಗೆ, "ತಪ್ಪಾತು ಅಂತ ಹೇಳವಾ ಆಕಿಗೆ," ಅಂದಳು. ನಾನು ಹೇಳಿದೆ. ಅವಳು ಅವ್ವನ ಭುಜಕ್ಕೆ ತಲೆ ಒರಗಿಸಿ ನಕ್ಕಳು. "ಆಂಟಿ, ತುಂಬಾ ರುಚಿ ಇತ್ತು. ಆದರೆ ಪಂದ್ಯಾವಳಿ ಮುಗಿದ ಮೇಲೆ."

ಬುಧವಾರ ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತಳು. ಆ ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಕೋಚ್ ಕಳಿಸಿದ ಮೆಸೇಜನ್ನು ತೋರಿಸಿದಳು. ಚೀನೀ ಅಕ್ಷರ, ನನಗೆ ಓದಲು ಬರುವುದಿಲ್ಲ. "ಆಡುತ್ತಿರು, ಅಂತ ಬರೆದಿದ್ದಾರೆ," ಎಂದಳು. ಮಾರನೆಯ ಬೆಳಿಗ್ಗೆಯೇ ಬೇರೆ ದೇಶದ ಪಂದ್ಯಕ್ಕೆ ವಿಮಾನ ಇದ್ದುದರಿಂದ ಹುಗ್ಗಿ ಮಾಡಲಾಗಲಿಲ್ಲ. ಅದು ಅವ್ವನ ಮನಸ್ಸಿನಲ್ಲಿ ಉಳಿಯಿತು.

ಆಮೇಲಿನ ವರ್ಷವೆಲ್ಲ ನಾನು ಫೋನಿನಲ್ಲಿ ಅವಳ ಫಲಿತಾಂಶ ನೋಡಿ ಬರೆದಿಟ್ಟೆ, ಗೆಲುವಿಗೆ ಹಸಿರು ಪೆನ್ನು, ಸೋಲಿಗೆ ಕಪ್ಪು. ಬೇಸಿಗೆಯವರೆಗೆ ಕಪ್ಪೇ ಜಾಸ್ತಿ. ಶರತ್ಕಾಲಕ್ಕೆ ಹಸಿರು ಮುಗಿದು ಹೊಸ ಪೆನ್ನು ತಂದೆ.

ಈ ಫೆಬ್ರವರಿಯಲ್ಲಿ ಮತ್ತೆ ಬಂದಳು. ಈ ಸಲ ಅರ್ಹತಾ ಸುತ್ತು ಆಡಬೇಕಿರಲಿಲ್ಲ, ನೇರ ಪ್ರವೇಶ. ಹೋಟೆಲಿಗೆ ಹೋಗಬಹುದಿತ್ತು, ನಮ್ಮ ಮನೆಗೇ ಬಂದಳು. ಅವ್ವ ಲೆಸ್ಟರ್‌ನಿಂದ ಗೋಧಿ ತಂದಿಟ್ಟಿದ್ದಳು. ಆದರೆ ಹುಗ್ಗಿ ಪಂದ್ಯಾವಳಿ ಮುಗಿದ ಮೇಲೆಯೇ, ಅದಕ್ಕೆ ಗೋಧಿಯನ್ನು ಹಿಂದಿನ ರಾತ್ರಿ ನೆನೆಹಾಕಬೇಕು. ನಾಳೆ ಪಂದ್ಯ ಇರುವಾಗ ಇವತ್ತು ನೆನೆಹಾಕಿದರೆ, ನಾಳೆ ಇವಳು ಸೋಲುತ್ತಾಳೆ ಅಂದಂತೆ. ದಿನಾ ಸಂಜೆ ಅವ್ವ ಡಬ್ಬಿಯ ಮುಚ್ಚಳ ತೆಗೆಯುವಳು, ಮುಚ್ಚುವಳು. ಬೆಳಿಗ್ಗೆ ಒಂದು ಹಿಡಿ ಅನ್ನ, ಒಂದು ಬಾಳೆಹಣ್ಣು ಕೊಟ್ಟು, ಚಿಟಿಕೆ ಸಕ್ಕರೆ ಬಾಯಿಗೆ ಹಾಕಿ ಕಳಿಸುವಳು.

"ಗೋಧಿಗೆ ಹುಳ ಬೀಳೋತನಕ ಗೆಲ್ತಾಳ ನೋಡು ಈಕಿ," ಎಂದರು ಅಪ್ಪ.

"ಬೀಳ್ಲಿ ಬಿಡ್ರಿ," ಅಂದಳು ಅವ್ವ.

ಶನಿವಾರ ಸೆಮಿಫೈನಲಿನಲ್ಲಿ ಸೋತಳು. ಮನೆಗೆ ಬಂದು ಬೂಟು ಬಿಚ್ಚುವ ಮೊದಲು ಮರುದಿನ ಬೆಳಗಿನ ರೈಲು ಬಿಟ್ಟು ಸಂಜೆಯದಕ್ಕೆ ಟಿಕೆಟ್ ಬದಲಾಯಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅವಳೇ ಡಬ್ಬಿ ಇಳಿಸಿದಳು. ಅವ್ವ ನೀರು ಹೊಯ್ದಳು.

ಭಾನುವಾರ ಮಧ್ಯಾಹ್ನ ಎರಡನೆಯ ಬಟ್ಟಲಿಗೆ ಅವಳು "ಸಾಕು" ಎಂದಳು. ಅವ್ವ ಸೌಟನ್ನು ಮೇಲೇ ಹಿಡಿದು ನಿಂತು, ನನ್ನ ಕಡೆ ನೋಡಿ, "ಖರೇನ ಸಾಕಂತೇನ, ಕೇಳು," ಎಂದಳು. ನಾನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಬಟ್ಟಲಿನ ಮೇಲಿದ್ದ ಕೈ ತೆಗೆದಳು.