ಮಠದ ಕಣಜಕ್ಕೆ ಹಸು ಹತ್ತಿದ್ದು

ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ, ಹೊಳೆದಂಡೆಯ ಮೇಲೆ, ಮಠದ ಹಳೆಯ ಕಲ್ಲಿನ ಕಣಜವಿದೆ. ಅದರ ಬೀಗದ ಕೈ ಮಾವನವರ ಕಾಲದಿಂದಲೂ ನಮ್ಮಲ್ಲೇ. ರಾಜರ ಕಾಲದಲ್ಲಿ ಮಠದ ಭತ್ತ ಹರಿಗೋಲಿನಲ್ಲಿ ಇಲ್ಲಿಗೆ ಬರುತ್ತಿತ್ತಂತೆ. ದಾಸೋಹಕ್ಕೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಮತ್ತೆ ಹೊಳೆಯ ಮೇಲೆಯೇ ಕಳಿಸಿ ಉಪ್ಪು, ಎಣ್ಣೆ ತರಿಸುತ್ತಿದ್ದರಂತೆ. ನಾನು ಸೊಸೆಯಾಗಿ ಬಂದಾಗ ಅಲ್ಲಿದ್ದದ್ದು ದೇವರ ಅಕ್ಕಿಯ ಕೆಲವು ಮೂಟೆ ಅಷ್ಟೆ. ಆದರೂ ಸ್ನಾನ ಮಾಡದೆ ನಾವ್ಯಾರೂ ಒಳಗೆ ಕಾಲಿಡುತ್ತಿರಲಿಲ್ಲ.

ಹೊಳೆಯ ಕಡೆಯ ಬಾಗಿಲಿಗೆ ಕಡಿದಾದ ಮೆಟ್ಟಿಲು. ಪಕ್ಕದಲ್ಲೇ ಅಗಲವಾದ ಇಳಿಜಾರು ಚಪ್ಪಡಿ, ಮೈತುಂಬ ಅಡ್ಡ ಗೀರು. ಬೇಸಿಗೆಯಲ್ಲಿ ಅದರ ಮೇಲೆ ರಾಗಿ ಒಣಹಾಕುತ್ತಿದ್ದೆ. ಕಾಳು ಗೀರಿನಲ್ಲಿ ಸಿಕ್ಕಿಕೊಂಡರೆ ಪೊರಕೆಗೆ ಬರುತ್ತಿರಲಿಲ್ಲ. ಆ ಕಲ್ಲು ಕಡಿದವನನ್ನು ಎಷ್ಟೋ ಸಲ ಬೈದುಕೊಂಡಿದ್ದೇನೆ.

ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರು. ನಮ್ಮ ಹಸುವಿಗೆ ದಿನ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರು, ಬೀದಿಯ ಕಡೆ ಇನ್ನೂ ಹೆಚ್ಚು. ಹಗಲಾಗಿತ್ತು, ಯಜಮಾನರು ಮನೆಯಲ್ಲಿದ್ದರು, ಅಷ್ಟು ದೇವರ ದಯೆ. ಹಸುವಿಗೆ ಉಳಿದಿದ್ದ ಎತ್ತರದ ಜಾಗ ಕಣಜವೊಂದೇ. ಯಜಮಾನರು ಹಗ್ಗ ಹಿಡಿದು ನಿಂತುಬಿಟ್ಟರು.

"ದೇವ್ರಕ್ಕಿ ಮಡಗೋ ಜಾಗಕ್ಕೆ ದನ ಅತ್ಸದಾ, ಅವ್ವಾ?"

ಕಣಜದ ಬಾಗಿಲಲ್ಲಿದ್ದ ಅತ್ತೆ, "ಇಂಗೇ ಕೇಳ್ತಾ ನಿಂತ್ಕೊ, ಒಳೆನೇ ಉತ್ರ ಯೋಳ್ತದೆ. ಅತ್ಸ್ಲಾ" ಎಂದರು.

ಎರಡನೆಯ ಮೆಟ್ಟಿಲಿಗೇ ಹಸು ಮುಗ್ಗರಿಸಿತು. ಆ ಹೊಟ್ಟೆ ಹೊತ್ತುಕೊಂಡು ಹೇಗೆ ಹತ್ತೀತು? ನಾನು ರಂಗನಾಥನನ್ನು ನೆನೆಯುತ್ತ ಹಿಂದೆ ನಿಂತಿದ್ದೆ.

"ಮೆಟ್ಲು ಬುಟ್ಟಾಕಿ. ನಿನ್ ರಾಗಿ ಚಪ್ಪಡಿ ಐತಲ್ಲ ಕಣಮ್ಮಿ, ಅದ್ರ ಮ್ಯಾಲೆ ಅತ್ಸು" ಎಂದು ಅತ್ತೆ ಬಾಗಿಲಿಂದ ಕೂಗಿದರು.

"ನೆಂದದೆ ಕಣತ್ತೆ, ಜಾರ್ತದೆ."

"ಮೂಟೆ ಒತ್ಕಂಡು ಎತ್ಗೋಳು ಅತ್ತಿದ್ ಕಲ್ಲು ಅದು. ಜಾರಂಗಿದ್ರೆ ಅವು ಎಂಗತ್ತಿದ್ವು?"

ಹಸು ಚಪ್ಪಡಿಯನ್ನು ಮೂಸಿತು, ಒಂದು ಕಾಲಿಟ್ಟಿತು. ಗೊರಸು ಗೀರಿಗೆ ಕಚ್ಚಿಕೊಂಡಿತು. ಆಮೇಲೆ ಯಾರೂ ಎಳೆಯಬೇಕಾಗಲಿಲ್ಲ, ತವರುಮನೆಗೆ ಬಂದವಳ ಹಾಗೆ ತಾನೇ ಒಳಗೆ ನಡೆಯಿತು.

ನೀರು ಚಪ್ಪಡಿಯ ಅರ್ಧದವರೆಗೆ ಬಂದು ನಿಂತಿತು. ಬೆಳಗಾಗುವಷ್ಟರಲ್ಲಿ ಅಕ್ಕಿ ಮೂಟೆಗಳ ಪಕ್ಕದಲ್ಲಿ ಹಸು ಹೆಣ್ಣುಗರು ಹಾಕಿತ್ತು.

ನೀರು ಇಳಿದ ಮೇಲೆ ಮಠದ ಹಿರಿಯರೊಬ್ಬರು ಬಂದರು. ಯಜಮಾನರು ಕೈಕಟ್ಟಿಕೊಂಡು ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಅವರು ಕರುವಿನ ಬೆನ್ನು ಸವರಿ, "ಗಿಣ್ಣು ಕಾಯ್ಸಿದ್ರಾ? ಮಠಕ್ಕೊಂದು ಬಟ್ಲು ಕಳ್ಸಿ" ಎಂದರು.

ಮುಂದಿನ ಬೇಸಿಗೆಯಲ್ಲಿ ಗೀರಿನಲ್ಲಿ ಸಿಕ್ಕ ರಾಗಿಗಾಗಿ ನಾನು ಯಾರನ್ನೂ ಬೈಯಲಿಲ್ಲ. ಕರು ನೆಕ್ಕಿಕೊಂಡಿತು.